ಹನುಮಪ್ಪನ ಟವೆಲು

ಶುಂಠಿ ಎಣ್ಣೆಯನ್ನು ಪುಡಿ ಮಾಡುವ ನಮ್ಮ ಕಾರ್ಖಾನೆಯಲ್ಲಿ ಶುಂಠಿಯ ಘಮ ಬಂತೆಂದರೆ ಕೆಲಸ ಕೆಟ್ಟಿತೆಂದೇ ಅರ್ಥ. ಎಣ್ಣೆಯನ್ನು ಗೋಂದಿನ ನೀರಿನಲ್ಲಿ ಹಾಲಿನಂತಾಗುವವರೆಗೆ ಕಡೆದು, ಬಿಸಿಗಾಳಿಯ ದೊಡ್ಡ ಡ್ರಮ್ಮಿನೊಳಗೆ ಸಣ್ಣಗೆ ಸಿಂಪಡಿಸುತ್ತೇವೆ. ನೀರು ಆರುತ್ತದೆ, ಎಣ್ಣೆಯ ಹನಿ ಗೋಂದಿನ ಸಿಪ್ಪೆಯೊಳಗೆ ಉಳಿಯುತ್ತದೆ. ಬಿಸ್ಕತ್ತಿನವರಿಗೆ ಬೇಕಾದದ್ದು ಆ ಪುಡಿ. ಬಿಸಿ ತುಸು ಹೆಚ್ಚಾದರೆ ಎಣ್ಣೆಯೂ ಗಾಳಿಯ ಜೊತೆ ಹೊರಟುಬಿಡುತ್ತದೆ. ಕಾರ್ಖಾನೆಯ ಮುಂದೆ ಹಾಯುವ ಹಿರಿಯಡ್ಕದ ಬಸ್ಸಿನವರು ಪರಿಮಳವನ್ನು ಹೊಗಳಿದ ದಿನ ನಮ್ಮ ಮಾಲೀಕ ಲಿಯೋನೆಲ್ ಊಟ ಮಾಡುತ್ತಿರಲಿಲ್ಲ.

ಹನುಮಪ್ಪ 1998ರಲ್ಲಿ ಬಾಗಲಕೋಟೆ ಕಡೆಯಿಂದ ಈ ಕಾರ್ಖಾನೆಯ ಗೋಡೆಗೆ ಸಿಮೆಂಟ್ ಕಲಸಲು ಬಂದವನು. ಯಂತ್ರ ಓಡಿಸಿದ ಮೊದಲ ದಿನ ಎಲ್ಲರೂ ಮೂಗರಳಿಸಿ ನಿಂತಿದ್ದಾಗ, ಮಾಲು ಹೊರಗೆ ಹೋಗುತ್ತಿದೆ ಎಂದವನು ಅವನೊಬ್ಬನೇ. ಯಂತ್ರ ಅವನ ಕೈಗೆ ಬಂತು. ನನ್ನ ಲ್ಯಾಬಿನ ಪರೀಕ್ಷೆಗೆ ಅರ್ಧ ದಿನ ಬೇಕು, ಅವನ ಮೂಗಿಗೆ ಅರ್ಧ ನಿಮಿಷ. ನನಗೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ.

2004ರಲ್ಲಿ ಒಂದು ಕೆಟ್ಟ ಜ್ವರ ಅವನ ಮೂಗನ್ನು ಕೊಂಡುಹೋಯಿತು. ಮೂಗಿನಿಂದ ಸಿಕ್ಕ ಕೆಲಸ ಮೂಗಿಲ್ಲದೆ ಉಳಿಯದು ಎಂದು ಹೆದರಿ ಅವನು ಯಾರಿಗೂ ಹೇಳಲಿಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು. ಅವಳು, ರೇಣುಕವ್ವ, ಕಾರ್ಖಾನೆಯ ಅಂಗಳ ಗುಡಿಸುವವಳು, ಅವಳಿಗೆ ಯಂತ್ರದ ಕೋಣೆಗೆ ಪ್ರವೇಶವಿರಲಿಲ್ಲ. ಹನುಮಪ್ಪ ಗಾಳಿ ಹೊರಹೋಗುವ ಕೊಳವೆಯ ಬಳಿ ಟವೆಲು ತೂಗುಹಾಕಿ, ಗಂಟೆಗೊಮ್ಮೆ ಒಗೆಯಲೆಂದು ಅವಳಿಗೆ ಕೊಡುತ್ತಿದ್ದ. ಅವಳು ಅದನ್ನು ಮೂಸಿ, ಘಮ ಇದ್ದರೆ ಬಕೆಟ್ಟಿಗೆ ಹಾಕುವಳು, ಇಲ್ಲದಿದ್ದರೆ ಹೆಗಲಿಗೆ. ಬಕೆಟ್ಟಿಗೆ ಬಿದ್ದರೆ ಅವನು ಕಿಟಕಿಯಿಂದ ನೋಡಿ ಬಿಸಿ ತಗ್ಗಿಸುವನು. ಎಂತಹ ಶುಚಿಯ ದಂಪತಿ ಎಂದುಕೊಂಡಿದ್ದೆ ನಾನು, ದಡ್ಡ.

ಎರಡು ವರ್ಷದ ಮೇಲೆ ರೇಣುಕವ್ವ ಮಗಳ ಬಾಣಂತನಕ್ಕೆ ಊರಿಗೆ ಹೋದಳು. ಆ ತಿಂಗಳು ಎರಡು ಸಲ ಮಾಲು ಕೆಟ್ಟಿತು. ಇಡೀ ಹಿರಿಯಡ್ಕ ಘಮಘಮಿಸುತ್ತಿದ್ದರೂ ಹನುಮಪ್ಪ ಯಂತ್ರದ ಮುಂದೆ ಆರಾಮವಾಗಿ ನಿಂತಿದ್ದ. ಲಿಯೋನೆಲ್ ಕರೆದು ಕೇಳಿದರು.

"ಜ್ವರ ಬಂದಾಗಿಂದ ನನಗ ವಾಸನಿ ಗೊತ್ತಾಗೂದಿಲ್ರಿ ಸಾಹೇಬ್ರ. ಇಷ್ಟು ದಿನ ಆಕೀ ಮೂಗಿನ ಮ್ಯಾಲ ದುಡದೀನಿ."

"ಹಾಗಾದರೆ ಕೆಲಸ ಮಾಡಿದ್ದು ಅವಳು, ಅಲ್ವಾ?"

ಹನುಮಪ್ಪ ಹೌದೆಂದು ತಲೆಯಾಡಿಸಿದ. ಊರಿನಿಂದ ಮರಳಿದ ರೇಣುಕವ್ವನಿಗೆ ಯಂತ್ರ ಕೊಟ್ಟರು, ಹನುಮಪ್ಪನಿಗೆ ಪೊರಕೆ. ಕೆಲಸದಿಂದ ತೆಗೆಯಲಿಲ್ಲವಲ್ಲ ಎಂದು ಎಲ್ಲರೂ ಲಿಯೋನೆಲರನ್ನು ಹೊಗಳಿದರು. ನ್ಯಾಯವೇ ಇರಬಹುದು. ಆದರೂ ಅವನು ಮೊದಲ ದಿನ ಅಂಗಳ ಗುಡಿಸಿದ್ದನ್ನು ನೋಡಿ ನಾನು ಲ್ಯಾಬಿನ ಕಿಟಕಿ ಮುಚ್ಚಿದೆ. ಹೊಟ್ಟೆಕಿಚ್ಚೆಲ್ಲ ಎಲ್ಲಿ ಹೋಯಿತೋ.

ರೇಣುಕವ್ವನಿಗೆ ಟವೆಲಿನ ಅಗತ್ಯವೇ ಇರಲಿಲ್ಲ. ಆದರೂ ಕೊಳವೆಯ ಬಳಿ ತೂಗುಹಾಕಿ, ಗಂಟೆಗೊಮ್ಮೆ ಹೊರಗೆ ಬಂದು ಗಂಡನ ಕೈಗೆ ಕೊಡುತ್ತಿದ್ದಳು. ಅವನು ಪೊರಕೆಯನ್ನು ಗೋಡೆಗೊರಗಿಸಿ, ಟವೆಲನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಆಮೇಲೆ, ಘಮವಿಲ್ಲ ಎಂಬ ಹಳೆಯ ಸನ್ನೆಯಂತೆ, ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಒಂದು ದಿನವೂ ಅವನು ಅದನ್ನು ಬಕೆಟ್ಟಿಗೆ ಹಾಕಿದ್ದನ್ನು ನಾನು ಕಾಣಲಿಲ್ಲ.