ಪರದೆಯೊಳಗಿನ ಮುದುಕಿ

ಜಹೀರಾಬಾದಿನಲ್ಲಿ ನಾನು ನರ್ಸಿಂಗ್ ಓದುತ್ತಿದ್ದಾಗ ಪ್ರತ್ಯೇಕ ತೆಲಂಗಾಣ ಬೇಕೆಂಬ ಬಂದ್‌ಗಳು ಒಂದರ ಬೆನ್ನಿಗೊಂದು ಬಂದವು. ಬಸ್ಸಿಲ್ಲದೆ ನಮ್ಮ ವಾರ್ಡ್ ಡ್ಯೂಟಿ ನಿಂತಿತು. ಆಗ ನಮ್ಮ ಮೇಡಂ ಕಂಪ್ಯೂಟರಿನಲ್ಲೇ ಒಂದು ಆಸ್ಪತ್ರೆ ತೆರೆದರು. ಪರದೆಯ ಮೇಲೆ ಮಂಚಗಳ ಸಾಲು. ಬಿಳಿ ಬಟ್ಟೆಯ ಗೊಂಬೆಯೇ ನಾವು. ಮೌಸ್ ಹಿಡಿದು ಅದನ್ನು ನಡೆಸಬೇಕು. ಹುಡುಗಿಯರಿಗೆಲ್ಲ ಒಂದೇ ಅನುಮಾನ: ಆಟ ಆಡಿಸಿ, ಪಾಸು ಮಾಡಿ, ನಮ್ಮನ್ನು ಜನರ ಮೇಲೆ ಬಿಡುತ್ತಾರೆ.

ನಾನಿದ್ದದ್ದು ದೊಡ್ಡವ್ವನ ಮನೆಯಲ್ಲಿ. ಆಕೆಗೆ ಸಕ್ಕರೆ ಕಾಯಿಲೆ. ದಿನಾ ಮುಂಜಾನೆ ಇನ್ಸುಲಿನ್ ಹಾಕಲು ನ್ಯಾಲ್ಕಲ್‌ನಿಂದ ಬರುತ್ತಿದ್ದ ಕಂಪೌಂಡರ್, ಜೀಪು ಸಿಗದೆ ಬರುವುದು ಬಿಟ್ಟಿದ್ದ. ಸೂಜಿ ನನ್ನ ಕೈಗೆ ಬಂತು. ದೊಡ್ಡವ್ವ ತೋಳು ಕೊಡಲೊಲ್ಲಳು.

"ಟೀವ್ಯಾಗಿನ ಮಂದಿಗಿ ಚುಚ್ಚಿ ಕಲ್ತಾಕಿ ನೀ. ಅವ್ರಿಗಿ ರಗತ ಬರ್ತದೇನ?"

"ಬರಲ್ಲ ದೊಡ್ಡವ್ವ."

"ನನಗ ಬರ್ತದ. ನೋಡಿ ಹಾಕು."

ಕ್ಲಾಸಿನಲ್ಲಿ ನನ್ನ ಪಾಳಿ ಬಂದ ದಿನ, ಮಂಚದ ಮೇಲೊಬ್ಬ ಮುದುಕಿ. ಹೆಡ್‌ಫೋನಿನಲ್ಲಿ ನಮ್ಮದೇ ಮಾತು: "ಬಾ ಯವ್ವಾ, ಅರಾಮಿದ್ದೇನ?" ಯಂತ್ರ ನನ್ನ ಯೋಗಕ್ಷೇಮ ಕೇಳಿದ್ದು ನೋಡಿ ಅನುಮಾನ ಇನ್ನೂ ಬಲಿಯಿತು. ಇನ್ಸುಲಿನ್ ಕೊಟ್ಟು, ಮುಚ್ಚಳ ಹಾಕಿದ ಊಟದ ತಟ್ಟೆ ಪಕ್ಕಕ್ಕಿಟ್ಟು, ಒಂದು ಸುತ್ತು ಹಾಕಿ ಬಂದೆ.

"ಊಟ ಆತೇನ್ರಿ?"

"ಆತು ಯವ್ವಾ. ನಿಂದು ಆತಿಲ್ಲೋ?"

"ಆತ್ರಿ" ಎಂದು ಗೊಂಬೆಯನ್ನು ಮುಂದಿನ ಮಂಚಕ್ಕೆ ನಡೆಸಿದೆ. ಸ್ವಲ್ಪ ಹೊತ್ತಿಗೆ ಮುದುಕಿ ಬೆವೆತಳು, ಏನೇನೋ ಬಡಬಡಿಸಿದಳು, ಉಸಿರು ನಿಂತಿತು. ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಕೊರಳಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೇಡಂ ಬಂದರು. ಅಷ್ಟು ಹೊತ್ತೂ ಮುದುಕಿಯಾಗಿ ಮಾತಾಡಿದ್ದು ಅವರೇ.

"ಇನ್ಸುಲಿನ್ ಮ್ಯಾಲ ಉಣ್ಲಿಲ್ಲಂದ್ರ ಸಕ್ಕರಿ ಇಳದು ಜೀವಾ ಹೋಗ್ತದ. ತಾಟಿನ ಮುಚ್ಚಳ ತೆಗದು ನೋಡ್ದೇನ?"

"ಆತು ಅಂದಳ್ರೀ ಆಕಿ."

"ನಮ್ಮ ನಾರಾಯಣಖೇಡ ಕಡಿ ಯಾರರ ಇಲ್ಲ ಅಂದಿದ್ದು ಕೇಳೀ ಏನ? ನೀ ಈಗ ಆತು ಅಂದಿ. ಉಂಡೀ?"

ನಾನು ಉಂಡಿರಲಿಲ್ಲ. ಇಲ್ಲ ಎಂದರೆ ಕೇಳಿದವರ ಮನೆಯ ಊಟ ಬೇಡಿದಂತೆ, ಹಾಗಾಗಿ ನಮ್ಮಲ್ಲಿ ಹಸಿದವರೂ ಆತು ಅನ್ನುವುದೇ.

ಮಾರನೆಯ ದಿನ ರಸ್ತಾ ರೋಕೋ. ಮುಷ್ಕರದಲ್ಲಿದ್ದ ದೊಡ್ಡಪ್ಪ ನಸುಕಿನಲ್ಲೇ ಹೈವೇಗೆ ಹೋಗಿದ್ದ. ದೊಡ್ಡವ್ವನಿಗೆ ಸೂಜಿ ಹಾಕಿದೆ. ಈಗಲೇ ಉಣ್ಣುತ್ತೇನೆ ಅಂದಳು. ನಾನು ಸ್ನಾನ ಮುಗಿಸಿ, ಕಾಲೇಜಿಗೆ ಹೊರಟು, ಚಪ್ಪಲಿ ಮೆಟ್ಟುತ್ತ ಕೇಳಿದೆ.

"ಊಟ ಆತಾ ದೊಡ್ಡವ್ವ?"

"ಆತು."

ಹೆಡ್‌ಫೋನಿನಲ್ಲಿ ಕೇಳಿದ್ದೂ ಇದೇ ಆತು. ಚಪ್ಪಲಿ ಬಿಟ್ಟು ಅಡಿಗೆಮನೆಗೆ ಹೋದೆ. ಬಟ್ಟೆಯ ಕೆಳಗೆ ರೊಟ್ಟಿ ಹಾಗೇ ಇದ್ದವು. ಪುಂಡಿಪಲ್ಯಕ್ಕೆ ಚಮಚ ತಾಗಿರಲಿಲ್ಲ. ಅವಳ ತಾಟು ಒಣಗಿತ್ತು. ಹೊರಬಂದರೆ ಬೇಳೆ ಆರಿಸುತ್ತಿದ್ದ ಕೈ ನಡುಗುತ್ತಿದೆ, ಹಣೆ ತುಂಬ ಬೆವರು. ಮೊದಲು ಸಕ್ಕರೆ ನೀರು ಕುಡಿಸಿದೆ. ನಡುಕ ಇಳಿದ ಮೇಲೆ ರೊಟ್ಟಿ ತಂದು ಎದುರಿಗೇ ಕೂತೆ.

"ನಿಮ್ಮ ದೊಡ್ಡಪ್ಪ ಉಪಾಸ ರಸ್ತಾದ ಮ್ಯಾಲ ಕುಂತಾನ. ನಾ ಹೆಂಗ ಉಣ್ಲಿ?"

"ಮತ್ತ ಝೂಟ್ ಯಾಕ ಹೇಳ್ದಿ?"

"ಅದರಾಗ ಝೂಟ್ ಏನದ? ಎಲ್ಲಾರೂ ಅನ್ನೋದೇ." ಅರ್ಧ ರೊಟ್ಟಿ ಮುಗಿಸಿ ನನ್ನನ್ನು ಓರೆಗಣ್ಣಿನಿಂದ ನೋಡಿದಳು. "ನಿನಗ ಯಾರು ಹೇಳಿದ್ರು?"

"ಟೀವ್ಯಾಗಿನ ಮುದುಕಿ. ಆಕಿನೂ ಆತು ಅಂದಿದ್ಳು."

ದೊಡ್ಡವ್ವ ಇನ್ನೊಂದು ತುತ್ತು ಮುರಿದಳು. "ಉಳದಳೇನ ಆಕಿ?"

"ಇಲ್ಲ."

ತಾಟು ನನ್ನ ಕಡೆ ಸರಿಸಿದಳು. "ಇನ್ನೊಂದು ಹಾಕು."