ಒಂದು ದಿನದ ಶುದ್ಧ ಗಾಳಿ

ರೇಣವ್ವಾ, ಗಾಳಿ ಅಳೆಯುವ ಯಂತ್ರವನ್ನು ನಮ್ಮ ಮಾಳಿಗೆಯ ಮೇಲೆ ಇಟ್ಟ ದಿನ ಧೂಳು ಏಳದಂತೆ ಮಾಡಿದವಳು ನಾನು. ನಿನ್ನ ಒಡಹುಟ್ಟಿದ ಅಕ್ಕ.

ಬ್ಯಾಡಗಿಯ ಹೊರಗೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನಲ್ಲಿ ನಾನು ಕಸ ಹೊಡೆಯುತ್ತಿದ್ದೆನಲ್ಲ — ಅಲ್ಲಿಯ ಬೂದಿ ಹಾರಿ ನಮ್ಮ ಓಣಿಯ ಒಗೆದ ಬಟ್ಟೆ, ತುಂಬಿದ ಕೊಡ, ನಿನ್ನ ಮಗಳು ಮಂಜುಳಾ ಆಡುವ ಕಟ್ಟೆ, ಎಲ್ಲದರ ಮೇಲೂ ಕೂಡುವುದು ನನಗೆ ಗೊತ್ತಿತ್ತು. ಓಣಿಯವರು ಅರ್ಜಿ ಕೊಟ್ಟು ಅಧಿಕಾರಿಗಳನ್ನು ಕರೆಸಿದರು. ಅವರು ಯಂತ್ರ ತಂದ ದಿನ ಶೆಡ್ಡಿನ ಮ್ಯಾನೇಜರ್ ನನಗೆ ಹೇಳಿದ್ದು ಇಷ್ಟೇ: "ಯಕ್ಕಾ, ಇವತ್ತೊಂದಿನ ಧೂಳ ಏಳದಂಗ ನೋಡ್ಕೊ." ಹೇಗೆಂದು ಅವನಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ತೊಟ್ಟು ಬಿಡಿಸುವ ಮುಂಚೆ ಘಾಟು ಏಳದಿರಲೆಂದು ಮೆಣಸಿನಕಾಯಿಗೆ ನೀರು ಚಿಮುಕಿಸಿ ಗೋಣಿಚೀಲ ಹೊಚ್ಚುತ್ತೇವಲ್ಲ, ಬೂದಿಯ ಗುಡ್ಡೆಗೂ ಹಾಗೆಯೇ ಮಾಡಿದೆ. ಓಣಿಗೂ ಚಿಮುಕಿಸಿದೆ, ಮಾಳಿಗೆಗೂ. ಜಾಣತನವೆಂದುಕೊಂಡೇ ಮಾಡಿದೆ — ಥೂ ನನ್ನ ಕೈಗೆ.

ಗಾಳಿ ಶುದ್ಧವಿದೆ ಎಂದು ವರದಿ ಬಂತು. ಶೆಡ್ಡು ಉಳಿಯಿತು. ಮಂಜುಳಾಗೆ ಹೊಟ್ಟೆನೋವು ಶುರುವಾಯಿತು, ಕಲಿತ ಅಕ್ಷರ ಮರೆಯತೊಡಗಿದಳು. ಹಾವೇರಿಯ ಡಾಕ್ಟರು ರಕ್ತದಲ್ಲಿ ಸೀಸ ಸೇರಿದೆ ಎಂದರು. ಶೆಡ್ಡಿನ ಬೂದಿಯಿಂದಲೇ ಎಂದು ನೀನು ಹೇಳಿದೆ. ಮೇಡ್ಲೇರಿಯಿಂದ ಬಂದ ನಿನ್ನ ಅತ್ತೆ ಒಪ್ಪಲಿಲ್ಲ.

"ಗಾಳಿ ಚೊಲೋ ಐತಂತ ಸರಕಾರದವರು ಹೇಳ್ಯಾರ. ಮೆಣಸಿನಕಾಯಿಗೆ ಬಣ್ಣಾ ಹೊಡಿಯೋ ಜಾಗಾಕ್ಕ ಕೂಸಿನ್ನ ಕರಕೊಂಡು ಹೋದಾಕಿ ನೀ, ಸೀಸ ಇರೂದು ಆ ಬಣ್ಣದಾಗ. ತಾಯಿ ಅನ್ನೂದು ಬರೇ ಹೆಸರಿಗೆ."

ನೀನು ನನ್ನ ಕಡೆ ನೋಡಿದೆ. ನಾನು —

"ಖರೇ ಐತ್ರಿ ಅತ್ತೀ. ನಾನೂ ಬ್ಯಾಡ ಅಂದಿದ್ದೆ."

ನಾನು ಹಾಗೆ ಎಂದೂ ಅಂದಿರಲಿಲ್ಲ. ನೀರು ಚಿಮುಕಿಸಿದ್ದು ಹೊರಬೀಳದಿರಲೆಂದು ಸುಳ್ಳು ಹೇಳಿದೆ.

ಅಂದೇ ನಿನ್ನ ಅತ್ತೆ ಮಂಜುಳಾಳನ್ನು ಮೇಡ್ಲೇರಿಗೆ ಕರೆದುಕೊಂಡು ಹೋದರು. ನೀನು ತಡೆಯಲಿಲ್ಲ, ತಪ್ಪು ನಿನ್ನದೇ ಎಂದು ನಂಬಿಬಿಟ್ಟಿದ್ದೆ. ಈಗಲೂ ನಂಬಿದ್ದೀಯ. ಇಷ್ಟು ವರ್ಷ ನಾನು ನಿನ್ನ ಪಕ್ಕದಲ್ಲೇ ಕೂತು ಉಂಡೆ, ನಿನಗೇ ಸಮಾಧಾನ ಹೇಳಿದೆ — ನಾಚಿಕೆಯಿಲ್ಲದೆ. ಆ ಶೆಡ್ಡಿನ ಮಾಲಕನ ಮೇಲೆ, ಒಂದೇ ದಿನ ಅಳೆದು ಚಹಾ ಕುಡಿದು ಹೋದ ಅಧಿಕಾರಿಗಳ ಮೇಲೆ ನನಗೆ ಮೈ ಉರಿಯುವಷ್ಟು ಸಿಟ್ಟಿದೆ. ಆದರೆ ಅವರು ಯಾರೂ ಮಂಜುಳಾಳ ದೊಡ್ಡವ್ವ ಅಲ್ಲ. ನಾನು ದೊಡ್ಡವ್ವ.

ಕೆಲಸ ಬಿಟ್ಟಿದ್ದೇನೆ, ಅದೇನು ದೊಡ್ಡದಲ್ಲ. ನಾಳೆ ಮೇಡ್ಲೇರಿಗೆ ಹೋಗಿ ನಿನ್ನ ಅತ್ತೆಯ ಅಂಗಳದಲ್ಲಿ, ನೆರೆಯವರೆಲ್ಲ ಕೇಳುವ ಹಾಗೆ, ಇದನ್ನೇ ಹೇಳುತ್ತೇನೆ. ಆಮೇಲೆ ಅಧಿಕಾರಿಗಳ ಕಚೇರಿಯಲ್ಲಿ. ನೀನು ನನ್ನ ಜೊತೆ ಬರಬೇಡ, ನನ್ನ ಮುಖ ನೋಡಬೇಡ. ನಾನು ಅಲ್ಲಿಂದ ಹೊರಟುಹೋದ ಮೇಲೆ ಬಂದು ಮಗಳನ್ನು ಕರೆದುಕೊಂಡು ಹೋಗು. ಆದರೆ ಈ ಓಣಿಗೆ ಮಾತ್ರ ಕರೆತರಬೇಡ, ರೇಣವ್ವಾ. ಬೂದಿ ಇನ್ನೂ ಹಾರುತ್ತಿದೆ.