ಅಡ್ಡ ವಿಡಿಯೋ ಉದ್ದ ಮಾಡುವ ಚಂದ್ರಕಲಾ

ದೇವದುರ್ಗದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಮೊದಲ ಹಾಲು ಉಕ್ಕುವ ಹೊತ್ತಿಗೆ ಪಕ್ಕದ ಸ್ಟುಡಿಯೋದ ಶಟರ್ ಅರ್ಧಕ್ಕೆ ಏಳುತ್ತದೆ. ಪೂರ್ತಿ ಎತ್ತುವಂತಿಲ್ಲ. ಎತ್ತಿದರೆ ಪಾಸ್‌ಪೋರ್ಟ್ ಫೋಟೋ ಬೇಕೆಂದು ಬೆಳಗಾಗುವ ಮುಂಚೆಯೇ ಜನ ನುಗ್ಗುತ್ತಾರೆ. ಮಸರಕಲ್‌ನಿಂದ ಮೊದಲ ಬಸ್ಸಿಗೆ ಬಂದಿಳಿದ ಚಂದ್ರಕಲಾ ಅದರಡಿ ಬಗ್ಗಿ ಒಳಹೋಗುತ್ತಾರೆ, ಚಪ್ಪಲಿ ಬಿಡುತ್ತಾರೆ, ಕಂಪ್ಯೂಟರಿಗೆ ಕೈ ಮುಗಿಯುತ್ತಾರೆ. ಆಮೇಲೆ ಹೆಡ್‌ಫೋನ್ ಕಿವಿಗೆ ಏರಿಸಿಕೊಂಡು ಕೂರುತ್ತಾರೆ. ಈ ಹೆಡ್‌ಫೋನ್ ಹೊಸ ರೂಢಿ. ಹೋದ ವರ್ಷದ ತನಕ ಅವರು ಶಬ್ದ ಬಂದ್ ಮಾಡಿಯೇ ಕೆಲಸ ಮಾಡುತ್ತಿದ್ದರು.

ಪರದೆಯ ಮೇಲೆ ನಿನ್ನೆ ಸಂಜೆ ಕವಿತಾಳದಲ್ಲಿ ನಡೆದ ಅರಿಶಿಣದ ಶಾಸ್ತ್ರ ಓಡುತ್ತಿದೆ. ಕ್ಯಾಮೆರಾ ಅಡ್ಡಕ್ಕೆ ಹಿಡಿದು ತೆಗೆದದ್ದು, ಹಾಗಾಗಿ ಇಡೀ ಬಳಗ ಅದರಲ್ಲಿ ತುಂಬಿಕೊಂಡಿದೆ. ನಡುವೆ ಮದುಮಗಳು, ಆಚೀಚೆ ಅತ್ತೆ, ಸೋದರತ್ತೆ, ಚಿಗವ್ವ, ತುದಿಯಲ್ಲಿ ನೆಲಕ್ಕೆ ಚೆಲ್ಲಿದ ಅರಿಶಿಣ ಬಳಿಯುತ್ತಿರುವ ಆಳಿನ ಹೆಂಗಸು. ಈಗಿನ ಮಂದಿ ಫೋನನ್ನು ನೆಟ್ಟಗೆ ಹಿಡಿದು ನೋಡುವವರು. ಅವರಿಗಾಗಿ ಅಗಲ ಕಳೆದು ಎತ್ತರ ಉಳಿಸಬೇಕು. ಮದುಮಗಳು ಎದ್ದು ಮುಖ ತೊಳೆಯುವ ಮುಂಚೆ ಅದು ಬೀಗರ ಫೋನು ಮುಟ್ಟಬೇಕು. ಚಂದ್ರಕಲಾ ಮಾಡುವುದು ಈ ಕೆಲಸ.

"ಭಾಳ ಮಂದಿ ಏನ್ ತಿಳಕೊಂಡಾರ ಅಂದ್ರ, ಆಜೂಬಾಜೂ ಕತ್ತರಿಸಿದ್ರ ಆತು ಅಂತ," ಎನ್ನುತ್ತಾರೆ ಅವರು, ಕಣ್ಣು ಪರದೆಯಿಂದ ಕೀಳದೆ. "ಮ್ಯಾಲ ಒಂದು ಪಟ್ಟಿ ಬಿಡಬೇಕ್ರಿ. ಕೆಳಗ ಬರವಣಿಗಿ ಬರ್ತದ, ಅಲ್ಲೂ ಬಿಡಬೇಕು. ಬಲಗಡಿ ಹಾರ್ಟು, ಕಮೆಂಟು ಅವೆಲ್ಲಾ ಸಾಲಾಗಿ ಕುಂದರ್ತಾವ. ಮದಿಮಗಳ ನತ್ತು ಹೋಗಿ ಹಾರ್ಟಿನ ಕೆಳಗ ಸಿಕ್ಕೊಂತು ಅಂದ್ರ ಬೀಗರು ಫೋನ್ ಹಚ್ಚಿ ಬೈತಾರ. ನಡುವ ಒಂದೀಟು ಉಳೀತದಲ್ಲ, ಅಷ್ಟ ನಮ್ಮ ಹೊಲ."

ಕಂಪ್ಯೂಟರೇ ಮುಖ ಹುಡುಕಿ ಕತ್ತರಿಸುತ್ತದಲ್ಲ, ಇದಕ್ಕೆ ಮನುಷ್ಯರೇಕೆ ಎಂದು ಕೇಳುವ ಜಾಣರಿದ್ದಾರೆ. ಕತ್ತರಿಸುತ್ತದೆ, ಸುಳ್ಳಲ್ಲ. ಯಾರ ಬಾಯಿ ಹೆಚ್ಚು ಆಡುತ್ತದೋ ಅವರ ಬೆನ್ನು ಹತ್ತುತ್ತದೆ. ಈ ವಿಷಯದಲ್ಲಿ ಅದಕ್ಕೂ ನಮ್ಮ ಸಭೆ-ಸಮಾರಂಭಗಳಿಗೂ ವ್ಯತ್ಯಾಸವಿಲ್ಲ. ಒಮ್ಮೆ ಒಂದು ತಾಳಿ ಕಟ್ಟುವ ವಿಡಿಯೋದಲ್ಲಿ ಅದು ಮದುಮಕ್ಕಳನ್ನು ಬಿಟ್ಟು, ಹಿಂದೆ ಎಲೆಯಡಿಕೆ ಜಗಿಯುತ್ತ ಕುಳಿತ ಮುದುಕನನ್ನೇ ಕೊನೆತನಕ ತೋರಿಸಿತ್ತಂತೆ.

ದಿನಕ್ಕೆ ಮೂವತ್ತು ತುಣುಕು, ಲಗ್ನದ ದಿನಗಳಲ್ಲಿ ಅದರ ದುಪ್ಪಟ್ಟು. ತುಣುಕಿನ ಮೂಲೆಯಲ್ಲಿ ಕ್ಯಾಮೆರಾ ಹಿಡಿದವರ ಹೆಸರು ಇರುತ್ತದೆ, ಮೇಕಪ್ ಮಾಡಿದವರದ್ದು, ಸೀರೆ ಅಂಗಡಿಯದ್ದು, ಡಿಜೆಯವನದ್ದೂ ಇರುತ್ತದೆ. ಆ ಹೆಸರುಗಳನ್ನೆಲ್ಲ ಕಾಣುವ ಜಾಗದಲ್ಲಿ ಕೂರಿಸುವವರೂ ಚಂದ್ರಕಲಾ. ಅವರ ಹೆಸರು ಎಲ್ಲಿಯೂ ಇಲ್ಲ. ಅದನ್ನವರು ಕೇಳಿಯೂ ಇಲ್ಲ. ಅವರ ಸಂಕಟವೇ ಬೇರೆ.

ಚಂದ್ರಕಲಾ ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ. ತಂದೆ ಪರಮಣ್ಣ ಹಿಂಡು ಹೊಡೆದುಕೊಂಡು ರಸ್ತೆ ದಾಟುವಾಗ ಲಾರಿ ಹಾಯ್ದು ತೀರಿಕೊಂಡರು. ಆಗ ಚಂದ್ರಕಲಾ ದೇವದುರ್ಗದಲ್ಲಿ ಬಿ.ಎ. ಓದುತ್ತಿದ್ದರು. ಕುರಿ ಮಾರಿದರು, ಕಾಲೇಜು ಬಿಟ್ಟರು, ಸ್ಟುಡಿಯೋದಲ್ಲಿ ಆಲ್ಬಂ ಅಂಟಿಸುವ ಕೆಲಸಕ್ಕೆ ಸೇರಿದರು. ಆಲ್ಬಂ ಕಾಲ ಮುಗಿದು ರೀಲ್ಸ್ ಕಾಲ ಬಂದಾಗ ಮಾಲೀಕ ಮೌನೇಶ ಅವರೇ ಮೌಸ್ ಕೈಗೆ ಕೊಟ್ಟು ಕಲಿಸಿದರು. "ಹುಡುಗಿ ದಿನಾ ಮಂದಿ ವಿಡಿಯೋ ನೋಡ್ಕೊಂತ ಕುಂದರ್ತಾಳಂತ" ಎಂದು ಎರಡು ಸಂಬಂಧ ಮುರಿದುಬಿದ್ದವು. ಹಾಗೆ ಹೇಳಿ ಕಳಿಸಿದ ಮನೆಯೊಂದರ ಮದುವೆ ವಿಡಿಯೋ ಮುಂದೆ ಇದೇ ಸ್ಟುಡಿಯೋಕ್ಕೆ ಬಂತು. ಅದನ್ನೂ ಅವರೇ ಉದ್ದ ಮಾಡಿಕೊಟ್ಟರು.

ತಾಯಿ ಯಂಕಮ್ಮನವರದು ಸೋಬಾನೆ ಪದದ ಬಾಯಿ. ಸುತ್ತ ಹಳ್ಳಿಗಳಲ್ಲಿ ಅರಿಶಿಣದ ಶಾಸ್ತ್ರವೆಂದರೆ ಅವರಿಗೆ ಕರೆ ಹೋಗಲೇಬೇಕು. ಗಂಡ ಇರುವಾಗ ಚಾಪೆಯ ನಡುವೆ, ಮದುಮಗಳ ಮಗ್ಗುಲಲ್ಲೇ ಕುಳಿತು ಹಾಡುತ್ತಿದ್ದರು. ಗಂಡ ಹೋದ ಮೇಲೆ ಚಾಪೆಯೂ ಹೋಯಿತು. ಹಾಗೆಂದು ಕರೆಯುವುದನ್ನು ಬಿಟ್ಟರೇ? ಇಲ್ಲ. ಪದ ಬರುವವರು ಬೇರೆ ಯಾರಿದ್ದಾರೆ? ಈಗ ಅವರನ್ನು ಚಾಪೆಯಿಂದಾಚೆ ಕಂಬದ ಪಕ್ಕ ಕೂರಿಸುತ್ತಾರೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅವರು ಹಾಡುತ್ತಾರೆ, ಚಾಪೆಯ ಮೇಲಿನ ಮುತ್ತೈದೆಯರು ಹಿಂದಿನಿಂದ ದನಿಗೂಡಿಸಿ ಸೊಲ್ಲು ಹಿಡಿಯುತ್ತಾರೆ. ಮುಗಿದ ಮೇಲೆ ಉಳಿದವರಿಗೆ ಉಡಿ ತುಂಬಿ, ಇವರಿಗೆ ಬುಟ್ಟಿಯಲ್ಲಿ ಅಕ್ಕಿ ಸುರಿದು ಕಳಿಸುತ್ತಾರೆ. ದನಿಗೆ ಮೈಲಿಗೆ ಇಲ್ಲ, ಮುಖಕ್ಕಿದೆ. ಇದನ್ನು ಪದ್ಧತಿ ಎನ್ನುತ್ತೇವೆ.

ಹೋದ ವರ್ಷ ಮಾನ್ವಿಯ ಅಕ್ಕಿ ಗಿರಣಿಯವರ ಮನೆಯಲ್ಲಿ ಮಗಳ ಅರಿಶಿಣ. ಯಂಕಮ್ಮನವರನ್ನು ಜೀಪು ಕಳಿಸಿ ಕರೆಸಿಕೊಂಡರು. ಮರುದಿನ ನಸುಕಿನಲ್ಲಿ ಆ ವಿಡಿಯೋ ದೇವದುರ್ಗದ ಸ್ಟುಡಿಯೋಕ್ಕೆ ಬಂತು, ಆ ವಾರ ಬಂದ ಹತ್ತಾರು ಅರಿಶಿಣಗಳ ನಡುವೆ ಇನ್ನೊಂದಾಗಿ. ಅವ್ವ ಹಾಡಲು ಹೋದ ಮನೆ ಇದೇ ಎಂದು ಮಗಳಿಗೆ ಹೊಳೆಯಲಿಲ್ಲ. ಹಾಡು ಇದ್ದಂತೆಯೇ ಇರಲಿ, ಡಿಜೆ ಸೇರಿಸಬೇಡಿ ಎಂದಷ್ಟೇ ಗಿರಣಿಯವರು ಹೇಳಿದ್ದರು. ಶಬ್ದವನ್ನು ಮುಟ್ಟುವ ಕೆಲಸವೇ ಇಲ್ಲವೆಂದ ಮೇಲೆ ಕೇಳುವುದಾದರೂ ಯಾಕೆ? ಚಂದ್ರಕಲಾ ಎಂದಿನಂತೆ ಶಬ್ದ ಬಂದ್ ಮಾಡಿ ಕೂತರು. ನಡುವೆ ಮದುಮಗಳು. ಮಗ್ಗುಲಲ್ಲಿ ಬಾಯಿ ತುಂಬ ತೆರೆದು ಸೊಲ್ಲು ಹಿಡಿದ ಸೋದರತ್ತೆ ಬಸವಂತಮ್ಮ, ಹಣೆ ತುಂಬ ಕುಂಕುಮ, ನಗುಮುಖ. ಇಬ್ಬರನ್ನೂ ಉದ್ದನೆಯ ಚೌಕಟ್ಟಿನಲ್ಲಿ ಚೊಕ್ಕವಾಗಿ ಕೂರಿಸಿದರು. ಉಳಿದದ್ದನ್ನು ಕತ್ತರಿಸಿದರು.

"ಕಂಬದ ಹತ್ರ ಬೂದಿ ಬಣ್ಣದ್ದೊಂದು ಸೆರಗು ಕಂಡಿತ್ರಿ," ಎನ್ನುತ್ತಾರೆ. "ಯಾರೋ ಮುದುಕಿ ಅದಾಳ, ಹೋಗ್ಲಿ ಅಂತ ಬಿಟ್ಟೆ. ನಮ್ಮವ್ವನ್ನ ನಾನ ಯಾರೋ ಮುದುಕಿ ಅಂತ ಬಿಟ್ಟೆ ನೋಡ್ರಿ."

ಗೊತ್ತಾದದ್ದು ಬಸ್ಸಿನಲ್ಲಿ. ಒಂದು ಸಂಜೆ ಮಸರಕಲ್‌ಗೆ ಹೊರಟಿದ್ದರು. ಮುಂದಿನ ಸೀಟಿನ ಹುಡುಗಿಯ ಫೋನಿನಿಂದ ಅವ್ವನ ದನಿ ಎದ್ದಿತು. "ಅರಿಶಿಣ ಅರೆಯೋ ಕಲ್ಲು ಅತ್ತೀ ಮನಿಯದು ತಂಗಿ, ಹಚ್ಚೋ ಕೈ ಮಾತ್ರ ತವರೀದು." ಮನೆಯಲ್ಲಿ ರೊಟ್ಟಿ ಬಡಿಯುತ್ತ ಅವ್ವ ಎಷ್ಟೋ ಸಲ ಹಾಡಿದ ಪದ. ಎದ್ದು ಬಗ್ಗಿ ನೋಡಿದರೆ ಪರದೆಯಲ್ಲಿ ಬಸವಂತಮ್ಮನವರ ಬಾಯಿ. ಆ ಚೌಕಟ್ಟು ತನ್ನದೇ ಎಂದು ಗುರುತಿಸಲು ಅವರಿಗೆ ಎರಡನೆಯ ನೋಟ ಬೇಕಾಗಲಿಲ್ಲ. ಆ ಹೊತ್ತಿಗಾಗಲೇ ಅದನ್ನು ಲಕ್ಷಗಟ್ಟಲೆ ಜನ ನೋಡಿ ಆಗಿತ್ತು.

ಬಸವಂತಮ್ಮ ಕೆಟ್ಟವರೇನಲ್ಲ. ಮೊದಮೊದಲು "ನಾ ಎಲ್ಲಿ ಹಾಡೀನವ್ವ, ಸೊಲ್ಲು ಹಿಡಿದೀನಿ ಅಷ್ಟ" ಎಂದು ಎಲ್ಲರಿಗೂ ಹೇಳಿದರಂತೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮೊದಲ ಶಾಲು ಹೆಗಲಿಗೆ ಬಿದ್ದ ಮೇಲೆ ಅವರೂ ಹೇಳುವುದನ್ನು ನಿಲ್ಲಿಸಿದರು. ರಾಯಚೂರಿನಲ್ಲಿ ದೊಡ್ಡ ಸಭೆ ಮಾಡಿ ಜಾನಪದ ಕೋಗಿಲೆ ಎಂದು ಫಲಕ ಕೊಟ್ಟರು. ಒಂದು ಪದ ಹಾಡಿ ಎಂದಾಗ ಗಂಟಲು ಕಟ್ಟಿದೆ ಎಂದರು. ಸಂಘಟಕರು ರೀಲಿನ ಹಾಡನ್ನೇ ಧ್ವನಿವರ್ಧಕಕ್ಕೆ ಹಚ್ಚಿದರು, ಅವರು ಮೈಕಿನ ಮುಂದೆ ತುಟಿ ಆಡಿಸಿದರು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಅಲ್ಲಿನ ಹಾಡಿನ ಕಂಪನಿಯೊಂದು ಅದೇ ದನಿಗೆ ತಬಲಾ ಸೇರಿಸಿ, ಬಸವಂತಮ್ಮನವರ ಹೆಸರಿನಲ್ಲಿ ಹಕ್ಕು ಮಾಡಿಸಿಕೊಂಡು ಬಿಡುಗಡೆ ಮಾಡಿತು.

ಅಡ್ಡ ವಿಡಿಯೋ ಸ್ಟುಡಿಯೋದಲ್ಲಿ ಹಾಗೇ ಇತ್ತು. ಚಂದ್ರಕಲಾ ಅದನ್ನು ತೆರೆದು ಮತ್ತೆ ಉದ್ದ ಮಾಡಿದರು. ಈ ಸಲ ಚೌಕಟ್ಟನ್ನು ಎರಡು ಭಾಗ ಮಾಡಿದರು. ಮೇಲೆ ಮದುಮಗಳು, ಕೆಳಗೆ ಕಂಬದ ಪಕ್ಕದ ಯಂಕಮ್ಮ. ಮೌನೇಶ ಅವರಿಗೆ ತೋರಿಸಿ, ಇದನ್ನು ಸ್ಟುಡಿಯೋದ ಹೆಸರಿನಲ್ಲೇ ಹಾಕೋಣ ಎಂದರು. ಮೌನೇಶ ಅಡ್ಡಡ್ಡ ತಲೆಯಾಡಿಸಿದರು.

"ಏನ್ ಮಾತಾಡ್ತೀಯವ್ವ? ಅರಿಶಿಣದ ವಿಡಿಯೋದಾಗ ಮದಿಮಗಳ ಕೆಳಗ ಗಂಡ ಸತ್ತಾಕಿ ಮುಖ ಹಾಕಿದ್ರ ಗಿರಣಿಯವರು ಸುಮ್ಕ ಇರ್ತಾರೇನು? ನಾಳಿಂದ ಮಾನ್ವಿ ಕಡಿಯಿಂದ ಒಂದು ಲಗ್ನ ಬರಂಗಿಲ್ಲ ನಮಗ."

"ಆಕಿ ನಮ್ಮವ್ವರೀ."

"ಗೊತ್ತದ. ಅದಕ್ಕ ಹೇಳಾಕತ್ತೀನಿ, ಬ್ಯಾಡ ಅಂತ."

ಮೌನೇಶರನ್ನು ಬೈಯುವುದು ಸುಲಭ. ಅವರು ಅಂದದ್ದು ಊರೆಲ್ಲ ಅನ್ನುವ ಮಾತೇ, ಅದೇ ಹೊಟ್ಟೆ ಉರಿಸುವ ಸಂಗತಿ. ಚಂದ್ರಕಲಾ ಮನೆಗೆ ಹೋಗಿ ತಮ್ಮ ಸ್ವಂತ ಫೋನಿನಿಂದ ಆ ವಿಡಿಯೋ ಹಾಕಿದರು. "ಈ ಪದ ಹಾಡಿದವರು ನಮ್ಮ ತಾಯಿ, ಮಸರಕಲ್ ಯಂಕಮ್ಮ" ಎಂದು ಬರೆದರು. ಅವ್ವನ ಮುಖ ಬರವಣಿಗೆಯ ಕೆಳಗೆ ಮುಚ್ಚಿಹೋಗದಂತೆ ಒಂದಿಷ್ಟು ಮೇಲೆತ್ತಿ ಕೂರಿಸಿದ್ದರು.

ಸ್ವಲ್ಪ ಹೊತ್ತಿಗೆ ಆ್ಯಪ್‌ನಿಂದ ಸಂದೇಶ ಬಂತು. ಈ ಧ್ವನಿ ಬೇರೆಯವರ ಸ್ವತ್ತು, ನಿಮಗೆ ಬಳಸಲು ಅನುಮತಿ ಇಲ್ಲ, ಆದ್ದರಿಂದ ಶಬ್ದ ತೆಗೆದಿದ್ದೇವೆ. ಚಂದ್ರಕಲಾ ಆಕ್ಷೇಪಣೆ ಬರೆದರು. ಹಕ್ಕಿನ ಕಾಗದ ಲಗತ್ತಿಸಿ ಎಂದು ಉತ್ತರ ಬಂತು. ತಾಯಿಯ ಗಂಟಲಿಗೆ ಯಾವ ಕಚೇರಿಯಲ್ಲಿ ಕಾಗದ ಕೊಡುತ್ತಾರೆ?

ಗಾಯದ ಮೇಲೆ ಬರೆ ಎಳೆದದ್ದು ಆಮೇಲೆ. ದನಿ ಹೋಗಿ ಮುಖ ಉಳಿದಿತ್ತಲ್ಲ, ಜನ ಅದನ್ನೇ ನೋಡಿದರು. ಬಾಯಿಗೆ ಸೆರಗು ಒತ್ತಿ ಹಿಡಿದ, ಬರಿ ಹಣೆಯ ಹೆಂಗಸು. ಏರುಸ್ವರಕ್ಕೆ ಕಣ್ಣು ಬಿಗಿಯಾಗಿ ಮುಚ್ಚಿವೆ, ಭುಜ ನಡುಗುತ್ತಿದೆ. ಶಬ್ದವಿಲ್ಲದೆ ನೋಡಿದರೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ ಎಂದೇ ಅನಿಸುತ್ತದೆ. "ಅಳಬ್ಯಾಡಜ್ಜಿ, ದೇವರದಾನ" ಎಂದು ಕೆಲವರು ಬರೆದರು. ಶುಭಕಾರ್ಯದಲ್ಲಿ ಇಂಥವರನ್ನು ಯಾಕೆ ಒಳಗೆ ಬಿಟ್ಟರು ಎಂದು ಹಲವರು ಬರೆದರು. ಗಿರಣಿಯವರಿಂದ ಮೌನೇಶರಿಗೆ ಫೋನ್ ಬಂತು. ಹೊಸ ಮದುಮಗಳ ಕಾಲಡಿ ಕಣ್ಣೀರು ಹಾಕುವ ಚಿತ್ರ ಇಟ್ಟಿದ್ದೀರಂತೆ ಎಂದರಂತೆ. ಸಂಜೆಯೊಳಗೆ ಚಂದ್ರಕಲಾ ಆ ವಿಡಿಯೋ ಅಳಿಸಿದರು. ಗಿರಣಿಯವರ ಮನೆಯಿಂದ ಯಂಕಮ್ಮನವರಿಗೆ ಮತ್ತೆ ಕರೆ ಬಂದಿಲ್ಲ. ಹಾಡು ಬೇಕಾದರೆ ಈಗ ಫೋನಿನಲ್ಲೇ ಇದೆಯಲ್ಲ.

ಮಸರಕಲ್‌ನ ಮನೆಯಲ್ಲಿ ಯಂಕಮ್ಮ ಜೋಳ ಹಸನು ಮಾಡುತ್ತ ಕೂತಿದ್ದಾರೆ. ಅಂಗಳದಾಚೆ ಯಾರದೋ ಟ್ರ್ಯಾಕ್ಟರು ಅದೇ ಪದ ಹಾಕಿಕೊಂಡು ಹೋಗುತ್ತದೆ. ಅವರು ತಲೆ ಎತ್ತುವುದಿಲ್ಲ. ಸಿಟ್ಟಿಲ್ಲವೇ ಎಂದು ಕೇಳಿದರೆ ಮೊರವನ್ನು ಕೆಳಗಿಡುತ್ತಾರೆ.

"ಬಸವಂತಮ್ಮನ ಮ್ಯಾಲ ಯಾಕ ಸಿಟ್ಟು ಮಾಡ್ಲಿ ಯಪ್ಪಾ? ಆಕಿ ಚಾಪಿ ಮ್ಯಾಲ ಕುಂತಿದ್ಲು. ನಾ ಅತ್ತ ಕುಂತಿದ್ದೆ. ನಮ್ಮ ಹುಡುಗಿ ಕತ್ತರಿಸೂಕಿಂತ ಮೊದ್ಲ ನನ್ನ ಕತ್ತರಿಸಿ ಆಗಿತ್ತು. ಇಕಿಗಿ ಎಷ್ಟ್ ಹೇಳಿದ್ರೂ ತಿಳ್ಯಂಗಿಲ್ಲ, ಬರೇ ಅಳ್ತಾಳ."

"ಅಳಂಗಿಲ್ಲಬೇ ನಾ," ಎಂದು ಒಲೆಯ ಕಡೆಯಿಂದ ಮಗಳು ರೇಗುತ್ತಾರೆ.

ಹೆಡ್‌ಫೋನ್ ಏರಿಸಿಕೊಳ್ಳುವ ರೂಢಿ ಶುರುವಾದದ್ದು ಅಂದಿನಿಂದ. ಈಗ ಅವರು ಪ್ರತಿ ತುಣುಕನ್ನೂ ಮೊದಲು ಕೇಳುತ್ತಾರೆ, ಆಮೇಲೆ ಕತ್ತರಿ ಹಾಕುತ್ತಾರೆ. ಯಾರು ಹಾಡುತ್ತಿದ್ದಾರೆ, ದನಿ ಯಾವ ಮೂಲೆಯಿಂದ ಬರುತ್ತಿದೆ ಎಂದು ಹುಡುಕಿ, ಆದಷ್ಟು ಹೊತ್ತು ಅವರನ್ನು ಚೌಕಟ್ಟಿನೊಳಗೆ ಉಳಿಸಲು ನೋಡುತ್ತಾರೆ. ಇದರಿಂದ ಕೆಲಸ ತಡವಾಗುತ್ತದೆ, ಮೌನೇಶ ಗೊಣಗುತ್ತಾರೆ. ಕಂಬದ ಪಕ್ಕದವರನ್ನು ಯಾಕೆ ತೋರಿಸಿದಿರಿ ಎಂದು ಬೀಗರು ವಾಪಸ್ ಕಳಿಸಿದ ತುಣುಕುಗಳೂ ಇವೆ. ಆಗ ಮತ್ತೆ ಕತ್ತರಿಸಿ ಕೊಡುತ್ತಾರೆ. ಹೊಟ್ಟೆಪಾಡು, ಕೊಡದೆ ಏನು ಮಾಡಿಯಾರು?

ಮೂರನೆಯ ಸಂಬಂಧವೊಂದು ಚಂದ್ರಬಂಡದಿಂದ ಬಂದಿದೆ. ಹುಡುಗ ಬೀರೇಶ ಟೆಂಪೋ ಓಡಿಸುತ್ತಾನೆ, ವಿಡಿಯೋ ಕೆಲಸಕ್ಕೆ ತಕರಾರಿಲ್ಲ ಎಂದಿದ್ದಾನೆ. ಕುದುರಿದರೆ ಏನಾಸೆ ಎಂದು ಕೇಳಿದಾಗ ಚಂದ್ರಕಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೈಯ ಹಿಟ್ಟು ಉದುರಿಸುತ್ತಾರೆ.

"ಒಂದ ಆಸಿ ಅದರೀ. ನನ್ನ ಅರಿಶಿಣದಾಗ ಅವ್ವನ್ನ ಚಾಪಿ ಮ್ಯಾಲ ನಟ್ಟನಡುವ ಕುಂದ್ರಸ್ತೀನಿ. ಬಾಯಿಗಿ ಸೆರಗು ಹಿಡೀಲಾರದ ಹಾಡಬೇಕು ಆಕಿ."

ಯಂಕಮ್ಮ ಮೊರದಿಂದ ತಲೆಯೆತ್ತಿ ಮಗಳನ್ನು ನೋಡುತ್ತಾರೆ. "ಹುಚ್ಚಿ, ನಾ ನಡುವ ಕುಂತ್ರ ಮದಿಮಗಳು ಎಲ್ಲಿ ಕುಂದರ್ತಾಳ?"

"ನಾ ಕಂಬದ ಹತ್ರ ಕುಂದರ್ತೀನಿ ಬೇ," ಎನ್ನುತ್ತಾರೆ ಚಂದ್ರಕಲಾ. "ನನ್ನ ಕತ್ತರಿಸಿದ್ರ ಕತ್ತರಿಸ್ಲಿ."